ಸೊಂಟದ ಮೇಲೆ ನಾಲ್ಕು ಪೌಂಡು ಹೆಚ್ಚು

"ನಿಮ್ಮ ತೂಕ ಎಷ್ಟು?"

ಪರಿಚಯವೇ ಇಲ್ಲದ ಗಂಡಸು, ಅದೂ ಕನ್ನಡದಲ್ಲಿ, ಅದೂ ಕ್ಯಾಲಿಫೋರ್ನಿಯಾದ ನೆವಾರ್ಕಿನ ಈಜುಕೊಳದ ದಂಡೆಯ ಮೇಲೆ ಹನ್ನೆರಡು ಜನರ ಎದುರು ಹೀಗೆ ಕೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನೀರಿಗೆ ಕಾಲಿಟ್ಟವಳೇ 'ಅಯ್ಯಮ್ಮಾ' ಎಂದು ಕಿರುಚಿ ಕನ್ನಡದವಳೆಂದು ತೋರಿಸಿಕೊಂಡಿದ್ದು ತನ್ನದೇ ತಪ್ಪು ಎಂದುಕೊಂಡಳು ವಸುಧಾ.

"ನೂರಾ ಐದು ಪೌಂಡು."

ಅವನು ಅವಳನ್ನೊಮ್ಮೆ ನೋಡಿದ. ಹಾಳೆಯಲ್ಲಿ ನೂರಾ ಹದಿನೆಂಟು ಎಂದು ಬರೆದುಕೊಂಡ.

"ನಿಮ್ಮಿಷ್ಟ ಬಂದ ಹಾಗೆ ಬರ್ಕೊಳೋದಾದ್ರೆ ನನ್ನನ್ನ ಕೇಳಿದ್ದು ಯಾಕ್ರೀ?!"

"ಎಲ್ಲರೂ ಕಮ್ಮಿನೇ ಹೇಳೋದು. ಎಷ್ಟು ಕಮ್ಮಿ ಹೇಳ್ತಾರೆ ಅಂತ ಗೊತ್ತಾದ್ರೆ ಲೆಕ್ಕ ಸುಲಭ."

ಎಂಥ ಜಂಬ! ಬೇಸರದ ಸಂಗತಿಯೆಂದರೆ, ಅವಳ ತೂಕ ನೂರಾ ಹದಿನೆಂಟೇ ಆಗಿತ್ತು.

ಅದು ೧೯೮೭ರ ವಸಂತ. ಮೈಸೂರಿನ ವಸುಧಾ ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಎಂಜಿನಿಯರು, ವಯಸ್ಸು ಇಪ್ಪತ್ತೆಂಟು. ಪ್ರಶ್ನೆ ಕೇಳಿದವನು ವ್ಯಾಸರಾಜ, ಬೆಂಗಳೂರಿನವನು. ವಾರವಿಡೀ ಪ್ಲೆಸೆಂಟನ್ನಿನಲ್ಲಿ ಕೆಲಸ, ಶನಿವಾರ ಮಾತ್ರ ಡೋರಿಸ್ ಎಂಬ ಅಮೆರಿಕನ್ ಹೆಂಗಸು ನಡೆಸುತ್ತಿದ್ದ ಡೈವಿಂಗ್ ಕ್ಲಾಸಿನಲ್ಲಿ ಸಹಾಯಕ. ಜೂನ್ ತಿಂಗಳಲ್ಲಿ ಇಡೀ ಕ್ಲಾಸು ಹವಾಯಿಯ ಕಡಲಿಗೆ ಇಳಿಯುವುದಿತ್ತು.

ಕಡಲೊಳಗೆ ಇಳಿಯಲು ಸೊಂಟಕ್ಕೆ ಸೀಸ ಕಟ್ಟಬೇಕು. ಕಡಿಮೆಯಾದರೆ ಮುಳುಗುವುದಿಲ್ಲ, ಹೆಚ್ಚಾದರೆ ಮೈ ಕೆಳಕ್ಕೆಳೆದು, ಉಸಿರು ಜಾಸ್ತಿಯಾಗಿ ಬೆನ್ನಿನ ಗಾಳಿಯ ಟ್ಯಾಂಕು ಬೇಗ ಖಾಲಿ. ಇಲ್ಲಿನ ಮಾಂಟೆರಿ ಕಡಲಿನ ಕೊರೆಯುವ ನೀರಿಗೆ ದಪ್ಪ ಸೂಟು ಬೇಕು, ಆ ಸೂಟು ತೇಲುತ್ತದೆ, ಅದಕ್ಕೆ ಇಪ್ಪತ್ತನಾಲ್ಕು ಪೌಂಡು. ಹವಾಯಿಯ ಬೆಚ್ಚನೆ ನೀರಿಗೆ ತೆಳ್ಳನೆ ಸೂಟು ಸಾಕು. ಹಾಗಾದರೆ ಎಷ್ಟು? ಅದನ್ನು ಇಲ್ಲಿಂದಲೇ ಅಂದಾಜು ಮಾಡುವುದು ವ್ಯಾಸರಾಜನ ಕೆಲಸ. ಅದೇ ಸೂಟಿನಲ್ಲಿ ಈ ಕೊಳದಲ್ಲಿ ಎಷ್ಟು ಬೇಕೆಂದು ನೋಡಿ, ಉಪ್ಪುನೀರಿಗೆಂದು ಇನ್ನೊಂದಿಷ್ಟು ಸೇರಿಸುತ್ತಿದ್ದ.

ವಸುಧಾಳಿಗೆ ನಾಲ್ಕು ಪೌಂಡು ಕಟ್ಟಿದ. ಅವಳು ಮುಳುಗಲೇ ಇಲ್ಲ.

"ಇಷ್ಟು ಸಾಲಲ್ಲ ರೀ, ಇನ್ನೂ ಹಾಕಿ!"

"ಸೀಸ ಸಾಕು. ನೀವು ಉಸಿರು ಬಿಡ್ತಾ ಇಲ್ಲ."

ನಿಜ. ದಿನಾ ಬೆಳಿಗ್ಗೆ ಅಪ್ಪ ಪ್ರಾಣಾಯಾಮ ಮಾಡಿಸಿ ಬೆಳೆಸಿದ ಹುಡುಗಿ. ಭಯವಾದರೆ ಸಾಕು, ಎದೆ ತುಂಬ ಉಸಿರೆಳೆದು ಹಿಡಿದುಬಿಡುತ್ತಿದ್ದಳು.

"ಕುಂಭಕಾನಾ?" ಅವಳು ಅದನ್ನು ಹೇಳಿದಾಗ ಅವನು ನಕ್ಕುಬಿಟ್ಟ. "ನಿಮ್ಮಪ್ಪ ಚೆನ್ನಾಗೇ ಕಲ್ಸಿದಾರೆ. ನೀರೊಳಗೆ ಮಾತ್ರ ಬೇಡ, ಅಪಾಯ. ನನ್ನನ್ನೇ ನೋಡಿ. ನಾನು ಬಿಟ್ಟಾಗ ಬಿಡಿ..."

ಅವನು ಬಿಟ್ಟ. ಅವಳೂ ಬಿಟ್ಟಳು. ಅದೇ ನಾಲ್ಕು ಪೌಂಡಿಗೆ ಮೆಲ್ಲಗೆ ತಳ ಸೇರಿದಳು. ಮಾಸ್ಕಿನ ಗಾಜಿನ ಹಿಂದಿದ್ದ ಅವನ ಕಣ್ಣುಗಳು ಅವಳ ಮೇಲೇ ಇದ್ದವು.

'ಇಷ್ಟವಾಗಿಬಿಟ್ಟನಲ್ಲಾ ಇವನು...' ಅನಿಸಿತು ಅವಳಿಗೆ.

ಆಮೇಲಿನ ಆರು ಶನಿವಾರ ಕ್ಲಾಸಿಗೆಂದು ಡಂಬಾರ್ಟನ್ ಸೇತುವೆ ದಾಟುವಾಗ ಅವಳು ಕನ್ನಡಿಯಲ್ಲಿ ಹಣೆಯ ಬೊಟ್ಟು ಸರಿಮಾಡಿಕೊಂಡಳು. ನೀರಿಗಿಳಿದರೆ ಅದು ಉಳಿಯುವುದಿಲ್ಲವೆಂದು ಗೊತ್ತಿದ್ದೂ! ಹವಾಯಿಯಲ್ಲಿ ಇಬ್ಬಿಬ್ಬರು ಜೋಡಿಯಾಗಿ ಇಳಿಯಬೇಕಿತ್ತು. ವಸುಧಾಳ ಜೋಡಿ ವ್ಯಾಸರಾಜನೇ ಎಂದು ಡೋರಿಸ್ ಬರೆದೂ ಆಗಿತ್ತು.

ಕೊನೆಯ ಶನಿವಾರ ಬಟ್ಟೆ ಬದಲಿಸಿ ಬರುತ್ತಿದ್ದವಳಿಗೆ ಅವನ ಮಾತು ಕೇಳಿಸಿತು. ವಸುಧಾಳ ಜೊತೆ ನಾನು ಇಳಿಯುವುದಿಲ್ಲ, ಬೇರೆ ಯಾರನ್ನಾದರೂ ಹಾಕಿ ಎಂದು ಅವನು ಡೋರಿಸ್‌ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಅವಳಿಗೆ ಅಳು ಬಂತು, ತಡೆದುಕೊಂಡಳು. ತಾನೊಂದು ಹೊರೆ ಎಂದು ತಾನೇ ಅದರರ್ಥ? ಅವನು ಸಲಕರಣೆ ತೊಳೆಯಲು ಹೊರಗೆ ಹೋಗುವವರೆಗೆ ಕಾದು, ಡೋರಿಸ್ ಹತ್ತಿರ ಹೋಗಿ ತನ್ನ ಹೆಸರು ಹೊಡೆದುಹಾಕಲು ಹೇಳಿದಳು. ಹವಾಯಿಯೂ ಬೇಡ, ಯಾರೂ ಬೇಡ.

ಡೋರಿಸ್ ಹೆಸರು ಹೊಡೆಯಲಿಲ್ಲ. ಹವಾಯಿಗೆ ಯಾರಿಗೆ ಎಷ್ಟು ಸೀಸವೆಂಬ ಪಟ್ಟಿಯನ್ನೇ ಅವಳ ಮುಂದಿಟ್ಟಳು. ವಸುಧಾ, ಉಪ್ಪುನೀರಿನದೂ ಸೇರಿ ಎಂಟು ಪೌಂಡು. ವ್ಯಾಸರಾಜ, ಹನ್ನೆರಡು, ಅದನ್ನು ಹೊಡೆದು ಹದಿನಾರು. ಒಂದು ತಿಂಗಳಿಂದ ಈ ಮನುಷ್ಯ ನಾಲ್ಕು ಪೌಂಡು ಹೆಚ್ಚಿಗೆ ಕಟ್ಟಿಕೊಂಡು ಇಳಿಯುತ್ತಿದ್ದಾನೆ, ನಿನಗೆ ಬೇಕಾದೀತು ಎಂದು! ಅವನ ಟ್ಯಾಂಕೇ ಮೊದಲು ಖಾಲಿಯಾಗುತ್ತಿದೆ. ಇಷ್ಟು ಹೆದರುವವನು ಯಾರಿಗೂ ಜೋಡಿಯಾಗಬಾರದು ಎಂದು ನಾನೇ ಬೈದೆ ಎಂದಳು ಡೋರಿಸ್.

ವ್ಯಾಸರಾಜ ತೊಟ್ಟಿಯ ಬಳಿ ಕೂತು ಮಾಸ್ಕು ತೊಳೆಯುತ್ತಿದ್ದ. ವಸುಧಾ ಎದುರಿಗೆ ಹೋಗಿ ನಿಂತಳು.

"ಆ ನಾಲ್ಕು ಪೌಂಡು ಯಾರದ್ದು?"

ಅವನ ಕೈ ನಿಂತಿತು. "...ನಿಮ್ಮದು."

"ನಂಗೆ ಎಂಟು ಅಂತ ಬರೆದೋರು ನೀವೇ ಅಲ್ವಾ?"

"ಎಂಟೇ ಸರಿ. ಆದ್ರೆ ಗಾಳಿ ಮುಗೀತಾ ಬಂದ ಹಾಗೆ ಟ್ಯಾಂಕು ಹಗುರ ಆಗತ್ತೆ. ಕೊನೇಲಿ ನೀವು ತೇಲ್ಕೊಂಡು ಮೇಲೆ ಹೊರಟ್ರೆ ಬಿಚ್ಚಿ ನಿಮಗೆ ಕಟ್ಟೋಣ ಅಂತ..."

"ಎಲ್ಲರಿಗೂ ಹೀಗೇ ಹೊರ್ತೀರಾ?"

"ಇಲ್ಲ." ಅವನು ತಲೆ ಎತ್ತಲಿಲ್ಲ. "ಬೇರೆಯವರದ್ದು ಐದು ನಿಮಿಷದ ಲೆಕ್ಕ ರೀ. ನಿಮ್ಮದು ಮಾತ್ರ ಎಷ್ಟು ಸಲ ಕೂಡಿದ್ರೂ ಸಮಾಧಾನ ಇಲ್ಲ. ಪ್ರೀತಿ ಮಾಡೋನು ಅಂದಾಜು ಮಾಡಬಾರದು. ಅದಕ್ಕೇ ಬೇರೆಯವರನ್ನ ಹಾಕಿ ಅಂದೆ."

ಅಷ್ಟು ಹೊತ್ತು ತಡೆದಿದ್ದ ಅಳು ಈಗ ಬಂದೇಬಿಟ್ಟಿತು. ಅದು ಸಂತೋಷಕ್ಕೆ ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು.

"ಆ ನಾಲ್ಕನ್ನ ನನಗೇ ಕಟ್ಟಿ."

"ನಾಲ್ಕು ಜಾಸ್ತಿ ಆಗತ್ತೆ. ಎರಡು ಸಾಕು."

"ಸರಿ, ಎರಡು. ಒಟ್ಟು ಹತ್ತು. ನಂದು ನಾನೇ ಹೊರ್ತೀನಿ, ನೀವು ಹೊರೋದು ಬೇಡ. ಜೊತೇಲಿ ಬನ್ನಿ, ಅಷ್ಟೇ."

"ಡೋರಿಸ್ ಒಪ್ಪಲ್ಲ ವಸುಧಾ. ಏನಂತ ಕೇಳಲಿ?"

"ಮದುವೆ ಆಗೋ ಹುಡುಗಿ ಕರೀತಿದಾಳೆ ಅನ್ನಿ."

ಅವನು ಎದೆ ತುಂಬ ಉಸಿರೆಳೆದು ಹಿಡಿದುಬಿಟ್ಟ.

"ರೀ... ಉಸಿರು ಬಿಡಿ!" ಎಂದಳು ವಸುಧಾ.