ಎಂಟು ಕಿಲೋದ ನಿಯಮ

"ಒಂಬತ್ತು ಕಿಲೋ ನಾನೂರು ಗ್ರಾಂ. ಸೇರಿಸ್ಕೊಳ್ಳೋಕಾಗಲ್ಲ."

ನಾನು ಅವರಿಗೆ ಹೇಳಿದ ಮೊದಲ ಮಾತೇ ಇದು. ನಮಸ್ಕಾರವೂ ಆಮೇಲೆ.

ಆಗ ನನಗೆ ಐವತ್ತೆರಡು. ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಎಲ್ಲ ನಾಯಿಗಳನ್ನಲ್ಲ, ಸಣ್ಣ ನಾಯಿಗಳನ್ನು ಮಾತ್ರ. ಹದಿನಾಲ್ಕು ಗೂಡು, ಮಂಡಿಯೆತ್ತರದ ಬಾಗಿಲು, ಒಂದೊಂದರಲ್ಲೂ ಕರವಸ್ತ್ರದಷ್ಟು ಹಾಸಿಗೆ. ದೊಡ್ಡ ನಾಯಿ ಒಮ್ಮೆ ಪ್ರೀತಿಯಿಂದ ಬಾಲ ಬೀಸಿದರೂ ಸಾಕು, ನನ್ನ ಗಿರಾಕಿಗಳು ಗೋಡೆಗೆ ಹೋಗಿ ಬೀಳುತ್ತಿದ್ದವು. ಅದಕ್ಕೇ ಎಂಟು ಕಿಲೋದ ನಿಯಮ. ಸಣ್ಣವು ಪಾಪದವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಗೈಯಗಲದ ಒಂದು ಹೆಣ್ಣು ನಾಯಿ ಪೋಸ್ಟ್‌ಮ್ಯಾನನ್ನು ಗೇಟಿನ ಮೇಲೆ ಹತ್ತಿಸಿತ್ತು. ಅದಿರಲಿ.

ಆತ ಉದ್ದನೆಯ ಮನುಷ್ಯ, ಕಿವಿಯ ಹತ್ತಿರ ನರೆ. ತೋಳಿನಲ್ಲಿ ದುಂಡಗಿನ ಬಿಳಿ ನಾಯಿ. ಹೆಸರು ದಿಂಬು. ನೋಡಿದರೆ ಯಾಕೆ ಅಂತ ಕೇಳಬೇಕಾಗಿರಲಿಲ್ಲ.

"ಒಂದೂವರೆ ಕಿಲೋ ಹೆಚ್ಚು ಕಡಿಮೆ ಆದ್ರೆ ಏನಾಗತ್ತೆ ಮೇಡಂ?"

"ನಿಮ್ಮ ಕಾಲಿನ ಮೇಲೆ ಇಟ್ಟಿಗೆ ಬಿದ್ರೂ ಹೀಗೇ ಕೇಳ್ತೀರಾ?"

ಅವರಿಗೆ ನಗು ಬಂತು. ನನ್ನ ಹಿಂದೆ ನಾಯಿಯೊಂದರ ಉಗುರು ಕತ್ತರಿಸುತ್ತಿದ್ದ ಅತ್ತಿಗೆಗೂ ಬಂತು. ಅವಳು ನನ್ನ ಅಣ್ಣನ ಹೆಂಡತಿ, ನನ್ನ ಪಾಲುದಾರಳು, ನನ್ನ ತಲೆನೋವು.

"ಬಿಸ್ಕತ್ತು ನಿಲ್ಲಿಸಿ. ದಿನಕ್ಕೆ ಎರಡು ಸಲ ನಡೆಸಿ. ಶನಿವಾರ ಕರ್ಕೊಂಡು ಬನ್ನಿ, ತೂಗ್ತೀನಿ" ಎಂದೆ.

ಬಂದರು. ಪ್ರತಿ ಶನಿವಾರ ಸರಿಯಾಗಿ ಹತ್ತಕ್ಕೆ. ಅತ್ತಿಗೆ ಅವರಿಗೆ "ಶನಿವಾರದವರು" ಅಂತಲೇ ಹೆಸರಿಟ್ಟಳು. ಕೆಲಸ ಏನು ಎಂದರೆ "ಸರ್ಕಾರಿ ಕೆಲಸ, ಓಡಾಟ ಜಾಸ್ತಿ" ಅಂದಿದ್ದರು. ನಾನು ಮತ್ತೆ ಕೆದಕಲಿಲ್ಲ. ಅವರು ತೂಕದ ಮಿಷನ್ನಿನ ಹತ್ತಿರ ಬಗ್ಗಿ ಮುಳ್ಳನ್ನು ದಿಟ್ಟಿಸುತ್ತಿದ್ದರು, ಬೆರಳಿನಿಂದ ಗಾಜನ್ನು ಮೆಲ್ಲಗೆ ತಟ್ಟುತ್ತಿದ್ದರು. ನಾಯಿಯ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ. ಆ ಬೆರಳುಗಳು ಚೆನ್ನಾಗಿದ್ದವು ಅಂತಲೂ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ?

ದಿಂಬು ಇಳಿಯುತ್ತಾ ಹೋಯಿತು. ನಾಯಿ ಜೊತೆ ನಡೆದು ನಡೆದು ಅವರ ಹೊಟ್ಟೆಯೂ ಇಳಿಯಿತು. ಒಂದು ಶನಿವಾರ ನಾನೇ ಅದನ್ನು ಹೇಳಿಬಿಟ್ಟೆ.

"ನಿಯಮ ನನಗೂ ಅನ್ವಯಿಸುತ್ತಾ?"

"ನೀವು ಎಂಟಕ್ಕೆ ಇಳಿದ್ರೆ ನೋಡೋಣ."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುವಾಗ ಗಾಜನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ನಾನು ಸುಮ್ಮನೆ ಟವೆಲ್ ಮಡಿಸಿದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಎಂಟನೇ ವಾರ ಮುಳ್ಳು ಎಂಟು ಕಿಲೋ ನೂರರಲ್ಲಿತ್ತು. ಆಗ ಅವರು, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದರು:

"ನಮ್ಮಕ್ಕ ದೂರದ ಊರಲ್ಲಿದ್ದಾಳೆ. ನನಗೆ ಅಂತ ಯಾರನ್ನೋ ನೋಡಿಟ್ಟಿದ್ದಾಳಂತೆ, ಸ್ಕೂಲ್ ಟೀಚರ್. ಹೋಗಿ ಮಾತಾಡ್ಬೇಕು. ನಾಯಿ ಕಂಡ್ರೆ ಅಕ್ಕನಿಗೆ ಆಗಲ್ಲ. ಇವನನ್ನ ಇಲ್ಲಿ ಸೇರಿಸಿದ ದಿನವೇ ಹೊರಡ್ತೀನಿ."

"ಒಳ್ಳೇದು" ಎಂದೆ. ಅವತ್ತು ಹದಿನಾಲ್ಕು ನಾಯಿಗಳಿಗೂ ಎರಡೆರಡು ಸಲ ಊಟ ಹಾಕಿದೆನಂತೆ. ಅತ್ತಿಗೆ ಈಗಲೂ ಆಡಿಕೊಳ್ಳುತ್ತಾಳೆ.

ಮುಂದಿನ ಶನಿವಾರ ದಿಂಬು ಮಿಷನ್ ಹತ್ತಿ ಕೂತಿತು. ಮುಳ್ಳು ಏಳು ಒಂಬೈನೂರರತ್ತ ಹೊರಟಿತು. ನಾನು ಯೋಚಿಸಿ ಮಾಡಿದ್ದಲ್ಲ. ಮಿಷನ್ ಮೇಲೆ ಹಾಸಿದ್ದ ಟವೆಲ್ಲಿನ ಅಂಚಿನ ಕೆಳಗೆ ನನ್ನ ಚಪ್ಪಲಿಯ ತುದಿ ತಾನಾಗಿ ಹೋಗಿ ಕೂತಿತು.

"ಎಂಟು ಇನ್ನೂರು. ಏರಿದೆ" ಎಂದೆ.

"ಅಯ್ಯೋ" ಎಂದರು. ದುಃಖ ಇತ್ತೋ ಇಲ್ಲವೋ ಹೇಳಲಾರೆ.

ಮತ್ತೆ ಎರಡು ವಾರ ಇದೇ ಆಟ. ಅತ್ತಿಗೆ ಕೇಳಿದಳು, "ಏನೇ, ಆ ನಾಯಿ ಬೆಲ್ಟು ಎರಡು ತೂತು ಒಳಗೆ ಹೋಗಿದೆ. ತೂಕ ಮಾತ್ರ ಯಾಕೆ ಇಳೀತಾ ಇಲ್ಲ?"

"ಮೂಳೆ ಗಟ್ಟಿ."

"ಯಾರದು? ನಿಂದಾ?"

ನಾಲ್ಕನೇ ವಾರ ಮತ್ತೆ "ಎಂಟು ಇನ್ನೂರು" ಅಂದಾಗ ಅವರು ದಿಂಬುವಿನ ಬೆನ್ನು ಸವರಿ, "ಹಾಗಾದ್ರೆ ನಾಳೆಯಿಂದ ಒಂದೇ ಹೊತ್ತು ಊಟ" ಎಂದರು.

ದಿಂಬು ನನ್ನ ಕೈ ನೆಕ್ಕಿತು. ಪಕ್ಕೆಲುಬು ಆಗಲೇ ಬೆರಳಿಗೆ ಸಿಗುತ್ತಿತ್ತು. ನನ್ನ ಆಸೆಗೆ ಒಂದು ಮೂಕಪ್ರಾಣಿ ಹಸಿದಿರಬೇಕೇ? ಥೂ ಅನ್ನಿಸಿತು. ಅವರು ಹೋದರೆ ಹೋಗಲಿ, ಆ ಟೀಚರ್ ಪುಣ್ಯವಂತೆ.

ಕಾಲು ತೆಗೆದೆ. ಮುಳ್ಳು ಸರ್ರನೆ ಇಳಿದು ಏಳು ಆರುನೂರರಲ್ಲಿ ನಿಂತಿತು.

ಅವರು ಮೆತ್ತಗೆ ಕೇಳಿದರು.

"ನಾಲ್ಕು ವಾರ ಆಯ್ತು. ಕಾಲು ನೋಯ್ಲಿಲ್ವಾ?"

ನನ್ನ ಮುಖ ಕಾದ ಹೆಂಚಾಯಿತು. "ನಿಮಗೆ ಗೊತ್ತಿತ್ತಾ?"

"ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಹಾಕೋದೇ ನನ್ನ ಸರ್ಕಾರಿ ಕೆಲಸ. ಇಪ್ಪತ್ತೆಂಟು ವರ್ಷ ಆಯ್ತು." ಕನ್ನಡಕ ಮತ್ತೆ ಕೈಗೆ ಬಂತು. "ನಾಯಿ ಅಲ್ಲಾಡದೆ ಕೂತಿದೆ, ಮುಳ್ಳು ನಡುಗ್ತಾ ಇದೆ. ನಾನು ನಿಮ್ಮ ಕಡೆ ನೋಡಿದಾಗೆಲ್ಲ ಐವತ್ತು ಗ್ರಾಂ ಹೆಚ್ಚು."

"ಮೊದಲೇ ಹೇಳ್ಬಾರ್ದಿತ್ತಾ? ಪಾಪ, ಇವನ ಊಟ..."

"ಅವನು ಮನೇಲಿ ಚೆನ್ನಾಗೇ ತಿಂತಾನೆ. ಒಂದೇ ಹೊತ್ತು ಅಂದಿದ್ದು ನಿಮ್ಮ ಕಾಲು ತೆಗೆಸೋಕೆ. ಅಕ್ಕನಿಗೆ ಪ್ರತಿ ವಾರ ಫೋನ್ ಮಾಡಿ, ನಾಯಿ ಇಳೀತಿಲ್ಲ, ಬರೋಕಾಗಲ್ಲ ಅಂತಿದ್ದೆ. ಹೆಚ್ಚು ತೂಗಿಸಿ ಗಿರಾಕಿಗೆ ಮೋಸ ಮಾಡೋರನ್ನ ನೋಡಿದ್ದೀನಿ. ಗಿರಾಕಿ ಬೇಡ ಅಂತ ಹೆಚ್ಚು ತೂಗಿಸಿದ್ದು ನೀವೊಬ್ಬರೇ."

"ಬೇಡ ಅಂತ ಅಲ್ಲ."

"ಮತ್ತೆ?"

ಅತ್ತಿಗೆಯ ಕತ್ತರಿ ಸದ್ದು ನಿಂತಿತ್ತು. ಹದಿನಾಲ್ಕು ನಾಯಿಗಳೂ ಅಂದು ಯಾಕೋ ಬೊಗಳಲಿಲ್ಲ. ಬೇಕಾದಾಗ ಬೊಗಳುವುದಿಲ್ಲ ಅವು.

"ಬೇಕು ಅಂತ" ಎಂದೆ, ನೆಲ ನೋಡುತ್ತಾ.

"ಅಕ್ಕನಿಗೆ ಏನು ಹೇಳ್ಲಿ?"

"ತೂಕ ಸರಿಹೋಯ್ತು, ಆದ್ರೂ ಬರಲ್ಲ ಅಂತ ಹೇಳಿ!" ಹಿಂದಿನಿಂದ ಅತ್ತಿಗೆ ಕೂಗಿದಳು.

ದಿಂಬುವನ್ನು ಗೂಡಿಗೆ ಹಾಕಲಿಲ್ಲ, ಮನೆಯೊಳಗೇ ಬಿಟ್ಟುಕೊಂಡೆ. ಅದರ ಹಿಂದೆಯೇ ಇವರೂ ಬಂದರು. ಅದೇ ಮಿಷನ್ ಮೇಲೆ ನಿಲ್ಲಿಸಿ ತೂಗಿದೆ, ಎಪ್ಪತ್ತೆರಡು ಕಿಲೋ. ಕಾಲು ಹಾಕಿರಲಿಲ್ಲ, ಆಣೆಗೂ. ನಿಯಮ ಮೀರಿ ನಾನು ಸೇರಿಸಿಕೊಂಡ ಗಿರಾಕಿ ಇವರೊಬ್ಬರೇ. ಇಪ್ಪತ್ತು ವರ್ಷವಾಯಿತು, ಯಾರೂ ವಾಪಸ್ ಕರೆದೊಯ್ಯಲು ಬಂದಿಲ್ಲ.