ಫೈಬರ್ ಮೇಲಿನ ವಿಭೂತಿ

ನವೆಂಬರ್ ಮೂರನೇ ತಾರೀಕು ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ದಾಕ್ಷಾಯಣಮ್ಮ ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನೀವು ವಾಪಸ್ಸು ಕೊಟ್ಟ ಬೈಕು ನನ್ನ ಮಗನದೇ, ಆದರೆ ಅದರ ಹೊಟ್ಟೆ ಅವನ ಬೈಕಿನದಲ್ಲ ಎಂದರು.

ಇನ್‌ಸ್ಪೆಕ್ಟರ್ ಹೇಮಶ್ರೀ ಆ ಠಾಣೆಗೆ ವರ್ಗವಾಗಿ ಬಂದು ವಾರವಷ್ಟೇ ಆಗಿತ್ತು. ಹೆಡ್ ಕಾನ್‌ಸ್ಟೇಬಲ್ ಚಾಮಯ್ಯನಿಂದ ಫೈಲು ತರಿಸಿ ಓದಿದಳು. ದಾಕ್ಷಾಯಣಮ್ಮನ ಒಬ್ಬನೇ ಮಗ ಗುರುಕಿರಣ್, ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ರಜೆ ಬಂದರೆ ಬೈಕ್ ರೇಸು. ಸೆಪ್ಟೆಂಬರಿನಲ್ಲಿ ಊರಾಚೆಯ ಖಾಸಗಿ ಟ್ರ್ಯಾಕಿನ ತಿರುವಿನಲ್ಲಿ ಜಾರಿ ಬಿದ್ದು ಸತ್ತಿದ್ದ. ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಾಗಿತ್ತು. ಕೊನೆಯಲ್ಲಿ ಹಿಂದಿನ ಅಧಿಕಾರಿ ಬರೆದ ಒಂದು ಸಾಲು: ‘ಸವಾರನ ಅತಿವೇಗ ಹಾಗೂ ಸ್ವಂತ ನಿರ್ಲಕ್ಷ್ಯದಿಂದ ಮರಣ.’ ಅದನ್ನು ಓದಿ ಹೇಮಶ್ರೀಗೆ ಮೈಯೆಲ್ಲ ಉರಿಯಿತು. ಸತ್ತವನು ಎದ್ದು ಬಂದು ಅಲ್ಲ ಅನ್ನುವುದಿಲ್ಲ ನೋಡಿ, ಅವನ ತಲೆಗೇ ಕಟ್ಟಿ ಕೈ ತೊಳೆದುಕೊಂಡರೆ ಮುಗಿಯಿತು!

“ಅವನು ಟ್ರ್ಯಾಕಿಗೆ ಹೊರಡೋ ದಿನ ಬೈಕಿನ ಅಡೀಲಿರೋ ಫೈಬರಿಗೆ ನಾನೇ ವಿಭೂತಿ ಹಚ್ತಿದ್ದೆ ಕಣಮ್ಮ,” ಎಂದರು ದಾಕ್ಷಾಯಣಮ್ಮ. “ಅಲ್ಲಿ ಮೂರು ಗೆರೆ ಉಬ್ಬಿಕೊಂಡಿದ್ವು. ನನ್ನ ಬೆರಳು ತಾನಾಗೇ ಅದರ ಮೇಲೆ ಹೋಗ್ತಿತ್ತು. ಈಗ ಮುಟ್ಟಿದ್ರೆ ನುಣ್ಣಗಿದೆ.”

ಏನು ಮಾಡಬೇಕು ಹೇಳಿ ಎಂದು ಕೇಳಿದ್ದಕ್ಕೆ, ಆ ಸಾಲು ಹೊಡೆದುಹಾಕಿ ಎಂದರು. ಬೀದಿಯಲ್ಲಿ ಎದುರಾದವರೆಲ್ಲ ಮಗನನ್ನು ಹದ್ದುಬಸ್ತಿನಲ್ಲಿ ಇಡಬೇಕಿತ್ತು ಅನ್ನುತ್ತಾರಂತೆ. ಮಗ ಹೋದ, ಅವನ ಹೆಸರಾದರೂ ಉಳಿಯಲಿ ಎಂದರು. ಹೇಮಶ್ರೀ ಅಲ್ಲೇ ಹೇಳಿಕೆ ಬರೆಸಿಕೊಂಡು, ಸಾಕ್ಷ್ಯ ನಾಶದ ಆರೋಪದ ಮೇಲೆ ಎಫ್‌ಐಆರ್ ದಾಖಲಿಸಿದಳು.

ಅಂದೇ ಮಧ್ಯಾಹ್ನ ಬೋಗಾದಿಯ ಅವರ ಮನೆಯಲ್ಲಿ ಪಂಚರ ಸಮಕ್ಷಮ ಬೈಕನ್ನು ಮತ್ತೆ ಜಪ್ತಿ ಮಾಡಲಾಯಿತು. ಚಾಮಯ್ಯ ಹಿಂದಿನ ಚಕ್ರದ ಟೈರನ್ನು ಉಜ್ಜಿದರೆ ಬೆರಳಿಗೆ ಕಪ್ಪು ಜಿಡ್ಡು ಹತ್ತಿತು. ಇಂಜಿನ್ ಆಯಿಲು, ಮೇಲೆ ಧೂಳು ಕೂತು ಒಣಗಿತ್ತು. ಮೊದಲ ಪಂಚನಾಮೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಟೈರು ಪ್ರಯೋಗಾಲಯಕ್ಕೆ ಹೋಯಿತು.

ಮಾರನೇ ದಿನ ಗುರುಕಿರಣನ ಜೊತೆ ರೇಸು ಓಡಿಸುತ್ತಿದ್ದ ತೇಜಸ್ವಿನಿ ತನ್ನ ಬೈಕನ್ನೇ ಠಾಣೆಗೆ ತಂದಳು. ರೇಸಿನ ಬೈಕಿನ ಅಡಿಯಲ್ಲಿ ಬೆಲ್ಲಿ ಪ್ಯಾನ್ ಎಂಬ ಫೈಬರಿನ ತೊಟ್ಟಿ ಇರುತ್ತದೆ, ಇಂಜಿನ್ ಒಡೆದು ಆಯಿಲು ಸೋರಿದರೆ ಅದು ಚಕ್ರಕ್ಕೆ ಬೀಳದ ಹಾಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ ಎಂದು ವಿವರಿಸಿದಳು. ಹೊರದೇಶದ್ದು ಗಟ್ಟಿ, ಆದರೆ ಸಂಬಳದವರ ಕೈಗೆ ಎಟುಕುವುದಿಲ್ಲ. ಹಾಗಾಗಿ ತಾವೆಲ್ಲ ಬೋಗಾದಿಯ ಸಿದ್ದಣ್ಣನ ಅಂಗಡಿಯಲ್ಲೇ ಕೊಳ್ಳುವುದು, ಅಗ್ಗ, ಬಿದ್ದರೂ ಬೇಗ ಒಡೆಯುವುದಿಲ್ಲ ಎಂದಳು.

ಹೇಮಶ್ರೀ ಬಗ್ಗಿ ಅವಳ ಬೈಕಿನ ಅಡಿಯನ್ನು ಮುಟ್ಟಿ ನೋಡಿದಳು. ಬಣ್ಣದ ಕೆಳಗೆ ಮೂರು ಗೆರೆ ಉಬ್ಬಿದ್ದವು. ಪಕ್ಕದಲ್ಲಿ ಎರಡು ಅಕ್ಕಿಕಾಳಿನಷ್ಟು ಗಂಟು. ದಾಕ್ಷಾಯಣಮ್ಮನನ್ನು ಕರೆಸಿ ಮುಟ್ಟಿಸಿದರು. ಅವರು ಮೂರು ಬೆರಳನ್ನು ಗೆರೆಯ ಮೇಲಿಟ್ಟರು, ತೆಗೆಯಲಿಲ್ಲ. ಇದೇ, ಇಂಥದ್ದೇ ಎಂದರು.

ಪಕ್ಕದ ಗ್ಯಾರೇಜಿನಿಂದ ಹಳೇ ಆಯಿಲು ತರಿಸಿ ಠಾಣೆಯ ಅಂಗಳದಲ್ಲೇ ಎರಡೂ ಪ್ಯಾನಿಗೆ ಸುರಿದರು. ಗುರುಕಿರಣನ ಬೈಕಿಗೆ ಯಾರೋ ಸಿಕ್ಕಿಸಿದ್ದ ನುಣ್ಣನೆಯ ಪ್ಯಾನು ಒಂದು ತೊಟ್ಟೂ ಬಿಡಲಿಲ್ಲ. ತೇಜಸ್ವಿನಿಯದು ಸುರಿದದ್ದನ್ನೆಲ್ಲ ನೇರ ಹಿಂದಿನ ಚಕ್ರದ ಜಾಗಕ್ಕೆ ಕಕ್ಕಿತು. ಅದಕ್ಕೆ ಹಿಂದಿನ ಗೋಡೆಯೇ ಇರಲಿಲ್ಲ. ಮುಂದೆ, ಪಕ್ಕದಲ್ಲೆಲ್ಲ ಗೋಡೆ. ಹಿಂದೆ ಮಾತ್ರ ಬಾಗಿಲು ತೆಗೆದಿಟ್ಟ ಹಾಗೆ ಬಯಲು. ತೇಜಸ್ವಿನಿ ತಾನು ಇದರ ಮೇಲೆ ಕೂತು ಎಷ್ಟು ತಿರುವು ತಿರುಗಿಸಿದ್ದೇನೋ ಎಂದು ಗೋಡೆಗೊರಗಿ ನಿಂತಳು.

“ರೇಸಿಗೆ ಮುಂಚೆ ಬೈಕು ಪಾಸು ಮಾಡೋರು ಯಾರು?” ಎಂದು ಕೇಳಿದಳು ಹೇಮಶ್ರೀ.

“ಸಿದ್ದಣ್ಣನೇ ಮೇಡಂ. ಅವತ್ತು ಮುರಿದ ಬೈಕನ್ನ ಟೆಂಪೋಲಿ ಹಾಕ್ಕೊಂಡು ಹೋಗಿದ್ದೂ ಅವರೇ.”

ಅಂದರೆ ಮಾರುವವನೂ ಅವನೇ, ಸರಿಯಿದೆ ಎಂದು ಸ್ಟಿಕ್ಕರ್ ಅಂಟಿಸುವವನೂ ಅವನೇ! ಪೊಲೀಸರು ಪಂಚನಾಮೆ ಮಾಡಿದ್ದು ಮರುದಿನ. ಅಷ್ಟರಲ್ಲಿ ಬೈಕು ಒಂದು ರಾತ್ರಿ ಅವನ ಸುಪರ್ದಿಯಲ್ಲಿತ್ತು. ಹೇಮಶ್ರೀ ಹಲ್ಲು ಕಚ್ಚಿದಳು. ಹಿಂದಿನ ಅಧಿಕಾರಿ ಎದುರಿಗಿದ್ದಿದ್ದರೆ ಏನೆನ್ನುತ್ತಿದ್ದಳೋ, ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಜೀಪು ಹತ್ತಿದಳು.

ಅಂಗಡಿಯಲ್ಲಿದ್ದ ಸಿದ್ದಣ್ಣನ ಪೂರ್ತಿ ಹೆಸರು ಸಿದ್ದಲಿಂಗಸ್ವಾಮಿ, ನಲವತ್ತು ದಾಟಿದ ಆಸಾಮಿ. ಹಣೆತುಂಬ ವಿಭೂತಿ, ಮಾತು ಬೆಣ್ಣೆ. ಕಾಫಿ ತರಿಸಲೇ ಎಂದ. ಹೇಮಶ್ರೀ ಬೇಡವೆಂದಳು.

“ಗುರುಕಿರಣನಿಗೆ ಬೆಲ್ಲಿ ಪ್ಯಾನ್ ಕೊಟ್ಟಿದ್ದು?”

“ನಾನೇ ಮೇಡಂ. ಬೈಕಲ್ಲೇ ಇದೆಯಲ್ಲ. ಫಾರಿನ್ ಮಾಲು.”

“ತೇಜಸ್ವಿನಿಗೆ ಕೊಟ್ಟಿದ್ದು?”

“ಅದೂ ಹೊರಗಡೆಯಿಂದ ಬಂದಿದ್ದೇ. ನಾನು ತಂದು ಮಾರ್ತೀನಿ, ಅಷ್ಟೆ.”

“ಫಾರಿನ್ನಲ್ಲಿ ವಿಭೂತಿ ಹಚ್ಚಿ, ಅಕ್ಷತೆ ಹಾಕಿ ಕಳಿಸ್ತಾರೇನ್ರೀ?”

ಅವನ ಕಣ್ಣು ಗೋಡೆಯಲ್ಲಿದ್ದ ಕೀಲಿಗೊಂಚಲಿನ ಕಡೆ ಹೋಯಿತು. ಚಾಮಯ್ಯ ಅದನ್ನು ನೋಡಿಕೊಂಡ. ವಿಚಾರಿಸಿದರೆ, ಅವು ಸಿದ್ದಲಿಂಗಸ್ವಾಮಿ ಹೂಟಗಳ್ಳಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಶೆಡ್ಡಿನ ಕೀಲಿಗಳು.

ಸಂಜೆ ಐದಕ್ಕೆ ಶೆಡ್ಡಿನ ಬಾಗಿಲು ತೆಗೆಸಿದರು. ಫೈಬರಿಗೆ ಬಳಿಯುವ ರೆಸಿನ್ ಅಂಟಿನ ಘಾಟು ಮೂಗಿಗೆ ಹೊಡೆಯಿತು. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ್ದ ಪ್ಯಾನಿನ ಅಚ್ಚು ಸಿಕ್ಕಿತು. ಚಾಮಯ್ಯ ಟಾರ್ಚು ಬಿಟ್ಟ. ಒಳಮೈಯಲ್ಲಿ ಮೂರು ಗೀರು, ಎರಡು ಕಾಳಿನ ಗುಳಿ. ಅಚ್ಚಿನಲ್ಲಿ ಗುಳಿಯಾಗಿದ್ದದ್ದು ಅದರಿಂದ ತೆಗೆದ ಪ್ರತಿ ಪ್ಯಾನಿನ ಮೇಲೂ ಉಬ್ಬಾಗಿ ಎದ್ದಿತ್ತು. ಅಚ್ಚಿಗೂ ಹಿಂದಿನ ಗೋಡೆ ಇರಲಿಲ್ಲ. ಪಂಚನಾಮೆ ಬರೆದು ಮುಗಿಸಿದರು. ಆರೂವರೆಗೆ ಸಿದ್ದಲಿಂಗಸ್ವಾಮಿಯನ್ನು ದಸ್ತಗಿರಿ ಮಾಡಿದರು.

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಹೊರದೇಶದ ಒಳ್ಳೆಯ ಪ್ಯಾನೊಂದನ್ನು ಮಾದರಿಗೆಂದು ತರಿಸಿದ್ದ. ಹೋದ ವರ್ಷದ ಆಯುಧಪೂಜೆಯ ದಿನ ಅದನ್ನೂ ಪೂಜೆಗಿಟ್ಟು, ದಪ್ಪಗೆ ವಿಭೂತಿ ಹಚ್ಚಿ, ಅಕ್ಷತೆ ಹಾಕಿದ್ದ. ಒಳ್ಳೇ ದಿನವೆಂದು ಅವತ್ತೇ ಅಚ್ಚು ತೆಗೆಯಲು ಕೂತ. ಪೂಜೆ ಮಾಡಿದ್ದನ್ನು ಒರೆಸಬಾರದೆಂದು ಅದರ ಮೇಲೇ, ಅಚ್ಚು ಅಂಟಿಕೊಳ್ಳದಂತೆ ತಡೆಯುವ ದ್ರಾವಣ ಸಿಂಪಡಿಸಿ ಫೈಬರ್ ಹೊದಿಸಿದ. ಹಿಂದಿನ ಗೋಡೆಯಿದ್ದರೆ ಪ್ಯಾನು ಅಚ್ಚಿಗೆ ಕಚ್ಚಿಕೊಂಡು ಬಿಡಿಸುವುದೇ ದೊಡ್ಡ ಕೆಲಸ. ಗೋಡೆ ಬಿಟ್ಟರೆ ಸಲೀಸು. ಬಿಟ್ಟ. ಗುರುಕಿರಣ್ ಬಿದ್ದ ದಿನ ಎಲ್ಲರಿಗಿಂತ ಮೊದಲು ಓಡಿಹೋದವನು ಇವನೇ. ಒಡೆದ ಇಂಜಿನ್ನನ್ನೂ ಟೈರಿನ ಮೇಲಿನ ಆಯಿಲನ್ನೂ ನೋಡಿದ, ತನ್ನ ಪ್ಯಾನು ಹಿಡಿದಿಡಲಿಲ್ಲವೆಂದು ತಿಳಿಯಿತು. ರಾತ್ರಿ ಆ ಪ್ಯಾನನ್ನು ಸುಟ್ಟು, ಮಾದರಿಯ ಪ್ಯಾನಿನ ಅಂಚನ್ನೇ ಬಿದ್ದು ಗೀರಾದಂತೆ ಕಾಣಲೆಂದು ಸಿಮೆಂಟಿಗೆ ಉಜ್ಜಿ ಬೈಕಿಗೆ ಸಿಕ್ಕಿಸಿದ.

ವಿಭೂತಿ ಒರೆಸಲು ಮನಸ್ಸು ಬಾರದ ಮಹಾನುಭಾವನಿಗೆ ಗೋಡೆ ಬಿಡಲು ಮನಸ್ಸು ಬಂದಿತ್ತು!

“ಯಾಕ್ರೀ?” ಎಂದಳು ಹೇಮಶ್ರೀ.

“ನಾನೂ ಓಡಿಸ್ತಿದ್ದೆ ಮೇಡಂ. ರೇಸಿನ ಕಿಟ್ಟು ತಗೊಳ್ಳೋಕೆ ದುಡ್ಡಿಲ್ದೆ ಬಿಟ್ಬುಟ್ಟೆ. ಹುಡುಗ್ರು ಬಂದು ಸಿದ್ದಣ್ಣ, ಭಾನುವಾರಕ್ಕೆ ಬೇಕು ಅಂದ್ರೆ ಇಲ್ಲ ಅನ್ನೋಕೆ ಬಾಯೇ ಬರ್ತಿರಲಿಲ್ಲ. ಇಂಜಿನ್ ಎಲ್ಲಿ ದಿನಾ ಒಡೆಯುತ್ತೆ ಅಂದ್ಕೊಂಡೆ.”

ಯಾರಿಗೂ ಇಲ್ಲವೆನ್ನದ ಸಿದ್ದಣ್ಣ ಎಂಬ ಹೆಸರು ಅವನಿಗೆ ಅಷ್ಟು ಮುಖ್ಯವಾಗಿತ್ತು. ಅದನ್ನು ಉಳಿಸಿಕೊಳ್ಳಲು ಸತ್ತ ಹುಡುಗನ ಹೆಸರನ್ನು ಬಲಿಕೊಟ್ಟಿದ್ದ. ಆ ರಾತ್ರಿ ಅವನು ಮಾರಿದ ಪ್ಯಾನುಗಳಿದ್ದ ಬೈಕುಗಳನ್ನೆಲ್ಲ ಟ್ರ್ಯಾಕಿಗೆ ಇಳಿಸದಂತೆ ರೇಸು ನಡೆಸುವ ಕ್ಲಬ್ಬಿಗೆ ನೋಟೀಸು ಹೋಯಿತು. ‘ಅತಿವೇಗ’ದ ಸಾಲನ್ನು ತೆಗೆದು ಹೊಸ ವರದಿ ಬರೆಯುವುದಾಗಿ ಹೇಮಶ್ರೀ ಬೆಳಿಗ್ಗೆ ದಾಕ್ಷಾಯಣಮ್ಮನಿಗೆ ತಿಳಿಸಿದಳು. ಆರೋಪಿ ನಿಮ್ಮ ಕಾಲಿಗೆ ಬೀಳಬೇಕು ಅನ್ನುತ್ತಿದ್ದಾನೆ ಎಂದೂ ಹೇಳಿದಳು.

“ನನ್ನ ಕಾಲಿಗೆ ಬೇಡ,” ಎಂದರು ಅವರು. “ನನ್ನ ಗುರೂನ ತಿಥಿ ಕಾರ್ಯದ ದಿನ ಅವನೇ ಪಾಯಸ ಬಡಿಸ್ತಾ ಬಡಿಸ್ತಾ, ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ, ಬರೀ ಸ್ಪೀಡು ಅಂತ ಊರಿಗೆಲ್ಲ ಹೇಳಿದ್ನಲ್ಲ. ಅದನ್ನ ಕೇಳಿಸಿಕೊಂಡೋರ ಮುಂದೆ ಹೇಳಲಿ.”

ಗುರುವಾರ ಹನ್ನೊಂದಕ್ಕೆ ಟ್ರ್ಯಾಕಿನ ತಿರುವಿನಲ್ಲಿ ಸ್ಥಳ ಮಹಜರು ಇಟ್ಟುಕೊಂಡರು. ಪಂಚರಾಗಿ ಬಂದವರು ದಾಕ್ಷಾಯಣಮ್ಮನ ಬೀದಿಯವರಿಬ್ಬರು. ಅವರಲ್ಲೊಬ್ಬ ಏಕಾಂತಯ್ಯ, ಕಾರ್ಯದ ದಿನ ಪಂಕ್ತಿಯಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸಿದ್ದವರು. ಬೀದಿಯ ಇನ್ನೂ ಹತ್ತಾರು ಜನ ಬೇಲಿಯ ಹೊರಗೆ ನಿಂತಿದ್ದರು. ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಹೇಮಶ್ರೀಗೆ ಗೊತ್ತಿತ್ತು. ಅದಕ್ಕೆ ಅಚ್ಚಿದೆ, ಟೈರಿದೆ. ಇದು ಕೋರ್ಟಿಗಾಗಿ ಆಗಿರಲಿಲ್ಲ.

ಸಿದ್ದಲಿಂಗಸ್ವಾಮಿ ತಲೆತಗ್ಗಿಸಿ, ಗುರು ತಪ್ಪೇನಿಲ್ಲ, ಆಯಿಲು ನಾನು ಕೊಟ್ಟ ಪ್ಯಾನಿಂದ ಬಿತ್ತು ಎಂದು ಗೊಣಗಿದ. ಚಾಮಯ್ಯ ಬರೆದುಕೊಂಡ. ಬೇಲಿಯ ಆಚೆಯಿಂದ ದಾಕ್ಷಾಯಣಮ್ಮನ ದನಿ ಬಂತು.

“ಜೋರಾಗಿ ಹೇಳಪ್ಪ. ಅವತ್ತು ಪಂಕ್ತಿಯ ಕೊನೇವರೆಗೂ ಕೇಳಿಸಿತ್ತು.”

ಅವನು ತಲೆಯೆತ್ತಿ, ಮೊದಲಿನಿಂದ ಶುರುಮಾಡಿದ.