ಏಳನೆಯ ದೇವಿ

"ಮುಟ್ಟಬೇಡಿ ರೀ! ಇನ್ನೂ ಒಣಗಿಲ್ಲ!"

ಡಿಮೀಟರ್ ದೇವಿಯ ವಿಗ್ರಹದ ಅಂಗೈ ಮೇಲೆ ಬೆರಳಿಟ್ಟಿದ್ದ ಆ ಅಪರಿಚಿತ ಬೆಚ್ಚಲಿಲ್ಲ. ನಿಧಾನವಾಗಿ ಕೈ ಹಿಂದೆ ತೆಗೆದು, ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದ.

"ಕ್ಷಮಿಸಿ. ಮುಟ್ಟೋದಕ್ಕೇ ನನ್ನನ್ನ ಕರೆಸಿದ್ದಾರೆ."

ಆಗ ಕೂಗಿದವಳ ಕಣ್ಣಿಗೆ ಬಿತ್ತು, ಮೇಜಿಗೆ ಒರಗಿಸಿಟ್ಟ ಬಿಳಿ ಕೋಲು.

ಅಯ್ಯೋ! ಅವಳು ನಾಲಿಗೆ ಕಚ್ಚಿಕೊಂಡಳು.

ಮ್ಯೂಸಿಯಂನಲ್ಲಿ ಅವಳನ್ನು ಎಲ್ಲರೂ ಗೊಂಬೆ ಎಂದೇ ಕರೆಯುತ್ತಿದ್ದರು. ಮಾಡುವುದು ಗೊಂಬೆ, ಮೈತುಂಬ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ನಿಂತರೆ ತಾನೂ ಗೊಂಬೆಯೇ! ಕಣ್ಣು ಕಾಣದವರು ಮುಟ್ಟಿ ನೋಡಲೆಂದು ದೇಶದೇಶಗಳ ಏಳು ದೇವಿಯರ ವಿಗ್ರಹ ಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಸ್ವತಂತ್ರವಾಗಿ ಸಿಕ್ಕ ಮೊದಲ ಕೆಲಸ. ಅವು ಸರಿಯಾಗಿವೆಯೇ ಎಂದು ಹೇಳಲು ಬಂದವನು ಅಂಧ ಮಕ್ಕಳ ಶಾಲೆಯ ಮೇಷ್ಟ್ರು. ಅವನು ಒಪ್ಪದಿದ್ದರೆ ಪ್ರದರ್ಶನವೇ ಇಲ್ಲ.

"ಇವಳು ಯಾರು?" ಎಂದು ಕೇಳಿದ.

"ಡಿಮೀಟರ್. ಗ್ರೀಕರ ಬೆಳೆಯ ದೇವತೆ. ಪಾತಾಳದ ದೊರೆ ಮಗಳನ್ನ ಎತ್ಕೊಂಡು ಹೋದಾಗ ಒಂಬತ್ತು ದಿನ ಊಟ, ಸ್ನಾನ ಬಿಟ್ಟು, ಪಂಜು ಹಿಡಿದು ಹುಡುಕಿದವಳು."

"ಹಾಗಾದ್ರೆ ಈ ಅಂಗೈ ಅವಳದಲ್ಲ. ಒಂಬತ್ತು ದಿನ ಪಂಜು ಹಿಡಿದು ಅಲೆದವಳ ಕೈ ಇಷ್ಟು ನುಣುಪಾಗಿರುತ್ತಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು. 'ಬಂದು ಐದು ನಿಮಿಷ ಆಗಿಲ್ಲ, ಆಗಲೇ ತಪ್ಪು ಹುಡುಕ್ತಾನೆ!'

ಅವನು ಹೋದ ಮೇಲೆ ಕಣ್ಣು ಮುಚ್ಚಿ ಅದೇ ಅಂಗೈಯನ್ನು ತಡವಿದಳು... ಅವನು ಹೇಳಿದ್ದು ಸರಿ. ಆ ಸಂಜೆಯೇ ಕೈಯನ್ನು ಹೊಸದಾಗಿ ಮಾಡಿದಳು.

ಆಮೇಲೆ ಪ್ರತಿ ಗುರುವಾರ ಅವನು ಬಂದ. ಅವಳು ಕಥೆ ಹೇಳುತ್ತಿದ್ದಳು, ಅವನು ಬೆರಳಲ್ಲಿ ಕೇಳುತ್ತಿದ್ದ. ಮುನಿಸಿಕೊಂಡು ಗುಹೆ ಸೇರಿದ ಜಪಾನಿನ ಸೂರ್ಯದೇವಿಯ ಕಥೆಗೆ, "ನಮ್ಮಕ್ಕನೂ ಹೀಗೇ ರೀ, ಬಾಗಿಲು ಹಾಕ್ಕೊಂಡ್ರೆ ಮುಗೀತು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಗುರುವಾರ ಬಂತೆಂದರೆ ಅವಳು ಕನ್ನಡಿ ಮುಂದೆ ಐದು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಅವನಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ!

"ಏನೇ, ಗುರುವಾರದ ಅಮ್ಮಾವ್ರು ಹೊರಟ್ರಾ?" ಎಂದು ಅಮ್ಮ ಕಾಲೆಳೆಯುತ್ತಿದ್ದಳು.

ಆರು ವಿಗ್ರಹ ಮುಗಿದವು. ಏಳನೆಯವಳು ಈಜಿಪ್ಟಿನ ಐಸಿಸ್.

"ಗಂಡನನ್ನ ಕೊಂದು ತುಂಡು ತುಂಡು ಮಾಡಿ ಎಸೆದಿದ್ರು. ಇವಳು ಒಂದೊಂದೇ ತುಂಡು ಆರಿಸ್ಕೊಂಡು ಬಂದು ಜೋಡಿಸಿದಳು. ರೆಕ್ಕೆ ಬೀಸಿ ಉಸಿರು ತುಂಬಿದಳು..." ಎಂದಳು.

"ರೆಕ್ಕೆ ಎಲ್ಲಿ?"

ಅವಳು ಅವನ ಕೈ ಹಿಡಿದು ರೆಕ್ಕೆಯ ಮೇಲಿಟ್ಟಳು. ಕೆಂಡ ಮುಟ್ಟಿದವನಂತೆ ಅವನು ಕೊಸರಿಕೊಂಡ.

"ಇವತ್ತಿಗೆ ಸಾಕು," ಎಂದವನೇ ಹೊರಟುಹೋದ. ತಂದಿಟ್ಟ ಚಹಾ ಕೂಡ ಕುಡಿಯಲಿಲ್ಲ.

ಮರುದಿನ ಮ್ಯೂಸಿಯಂನ ಮುಖ್ಯಸ್ಥೆ ಮೇಡಂ ಕೋಣೆಯ ಮುಂದೆ ಹಾದುಹೋಗುವಾಗ ಅವನ ದನಿ ಕೇಳಿತು. "ಅವರ ಕೆಲಸ ನಾನು ಇನ್ನು ನೋಡಲ್ಲ ಮೇಡಂ. ಬೇರೆ ಯಾರನ್ನಾದ್ರೂ ಕರೆಸಿ."

ಅವಳು ಅಲ್ಲಿಂದ ಸರಸರನೆ ನಡೆದುಬಿಟ್ಟಳು. ಮುಂದಿನ ಮಾತು ಕೇಳಲು ನಿಲ್ಲಲಿಲ್ಲ.

'ಕೈ ಹಿಡಿದದ್ದು ತಪ್ಪಾಯ್ತಾ? ಕನಿಕರ ಅಂದುಕೊಂಡನಾ? ಇಲ್ಲ... ವಿಗ್ರಹವೇ ಕೆಟ್ಟಿರಬೇಕು.'

ಎರಡು ದಿನ ಅವಳು ಉಳಿ ಮುಟ್ಟಲಿಲ್ಲ. ಮೂರನೆಯ ದಿನ ಮೇಡಂ ಗದರಿದರು. "ಮುಖ ಊದಿಸ್ಕೊಂಡು ಕೂತ್ರೆ ಆಗುತ್ತೇನೆ? ಹೋಗಿ ಅವರನ್ನೇ ಕೇಳು. ನಾನಂತೂ ಬಾಯಿ ಬಿಡಲ್ಲ."

ಮಧ್ಯಾಹ್ನ ಶಾಲೆಗೆ ಹೋದಾಗ ತರಗತಿ ಖಾಲಿಯಾಗಿತ್ತು. ಅವನು ದಪ್ಪ ಬ್ರೈಲ್ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದ.

"ಮೇಷ್ಟ್ರೇ, ನನ್ನ ಕೆಲಸ ಅಷ್ಟು ಕೆಟ್ಟದಾಗಿದ್ರೆ ನನಗೇ ಹೇಳಬಹುದಿತ್ತಲ್ಲ!"

"ಕೆಟ್ಟದಾ? ಯಾರು ಹೇಳಿದ್ದು?"

"ನೀವೇ! ಇನ್ನು ನೋಡಲ್ಲ ಅಂತ ಮೇಡಂಗೆ ಹೇಳಿದ್ದನ್ನ ಕಿವಿಯಾರೆ ಕೇಳಿದೀನಿ. ಕನಿಕರಕ್ಕೆ ಕೈ ಹಿಡಿದೆ ಅಂದ್ಕೊಂಡ್ರಾ? ಆಣೆಗೂ ಅಲ್ಲ..."

"ಕನಿಕರ ನನಗೆ ಗೊತ್ತಾಗುತ್ತೆ ರೀ. ಕನಿಕರ ಪಡೋರು ಮುಟ್ಟಿದ್ರೂ ಮುಟ್ಟದ ಹಾಗೆ ಹಿಡೀತಾರೆ. ನೀವು ಗಟ್ಟಿಯಾಗಿ ಹಿಡಿದ್ರಿ."

"ಮತ್ತೆ ಕೊಸರಿಕೊಂಡಿದ್ದು ಯಾಕೆ?"

ಅವನು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟ. ತಡವರಿಸಿದ.

"ನೀವು ಕೈ ಹಿಡಿದ ಮೇಲೆ ರೆಕ್ಕೆ ಯಾವುದು, ಮುಖ ಯಾವುದು ಒಂದೂ ತಿಳೀಲಿಲ್ಲ. ಆವತ್ತು ಬರೀ ಮಣ್ಣಿನ ಮುದ್ದೆ ಕೊಟ್ಟಿದ್ರೂ ಭಲೇ ಅಂತಿದ್ದೆ. ಆದ್ರೆ ನನ್ನ ಮಾತು ನಂಬಿ ಮಕ್ಕಳು ಬರ್ತಾರೆ... ನಾನು ಪ್ರೀತಿಸೋಳ ಕೆಲಸಕ್ಕೆ ನಾನೇ ಹೇಗೆ ತೀರ್ಪು ಕೊಡ್ಲಿ? ಅದಕ್ಕೇ ನಮ್ಮ ಸಂಗೀತದ ಟೀಚರಮ್ಮನ್ನ ಕಳಿಸ್ತೀನಿ ಅಂದೆ. ಅವರಿಗೂ ಕಣ್ಣಿಲ್ಲ, ದಾಕ್ಷಿಣ್ಯ ಅಂತೂ ಮೊದಲೇ ಇಲ್ಲ."

ಅವಳು ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಹೇಳಿದ್ದು ತಪ್ಪಾಯ್ತಾ? ಏನಾದ್ರೂ ಮಾತಾಡಿ... ನೀವು ಸುಮ್ಮನಿದ್ರೆ ನನಗೆ ಏನೂ ಗೊತ್ತಾಗಲ್ಲ."

"ನಗ್ತಿದೀನಿ ರೀ..." ಅವಳು ಮೂಗು ಒರೆಸಿಕೊಂಡಳು. "ಅಳ್ತಾನೂ ಇದೀನಿ. ಮೂರು ದಿನದಿಂದ ಜೀವ ಹಿಡಿ ಮಾಡ್ಕೊಂಡಿದ್ದೆ, ಗೊತ್ತಾ? ಗುರುವಾರ ಯಾವಾಗ ಬರುತ್ತೆ ಅಂತ ವಾರವೆಲ್ಲ ಕಾಯೋಳು ನಾನು!"

ಅವನು ದೀರ್ಘವಾಗಿ ಉಸಿರುಬಿಟ್ಟ. ಎದೆಯ ಮೇಲಿನ ಬಂಡೆ ಇಬ್ಬರಿಗೂ ಒಟ್ಟಿಗೇ ಇಳಿದಿತ್ತು!

ಟೀಚರಮ್ಮ ಬಂದರು. ಅರ್ಧ ಗಂಟೆ ಐಸಿಸ್‌ಳನ್ನು ಒಂದು ಉಗುರನ್ನೂ ಬಿಡದೆ ತಡವಿ, "ಎಡಗಿವಿ ಸ್ವಲ್ಪ ದೊಡ್ಡದಾಯ್ತಮ್ಮ. ಉಳಿದಿದ್ದೆಲ್ಲ ಸೊಗಸು. ಪ್ರದರ್ಶನದ ಬಾಗಿಲು ತೆಗೀರಿ," ಎಂದರು.

ಪ್ರದರ್ಶನ ಶುರುವಾದ ಬೆಳಿಗ್ಗೆ ಮಕ್ಕಳ ಸಾಲು ಮುಂದೆ ಹೋದ ಮೇಲೆ, ಅವನು ಏಳನೆಯ ದೇವಿಯ ರೆಕ್ಕೆಯನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಸವರಿದ. ಪಕ್ಕದಲ್ಲಿ ನಿಂತಿದ್ದ ಅವಳು ತಡೆಯಲಾರದೆ ಕೇಳಿದಳು.

"ಹೇಗಿದೆ?"

"ನನ್ನನ್ನ ಕೇಳಬೇಡ. ನಾನು ನಿನ್ನ ಕಡೆಯವನು."

ಅವಳ ಕೆನ್ನೆ ಬಿಸಿಯಾಯಿತು.

"ನಿನ್ನ ಅಂದ್ರಿ..."

"ಬೇಡ್ವಾ?"

"ಇನ್ನೊಂದ್ಸಲ ಅನ್ನಿ."